ಸಸಿಹಿತ್ಲಿನ ಮರಳಿನಲ್ಲಿ ಬಾಡಿಗೆ ಮಳಿಗೆ: ಸಾಮಗ್ರಿಗೆ ಎರಡು ಅಂಕ, ಆಳುಗಳಿಗೆ ಐದು

ಕಡಲತೀರದ ಸರ್ಫಿಂಗ್ ಸ್ಪರ್ಧೆಯಲ್ಲಿ ಪ್ರಚಾರ ಮಳಿಗೆ ಹಾಕಬಯಸುವ ಕಂಪನಿಗಳಿಗೆ ಶಾಮಿಯಾನ, ಮೇಜು, ಫಲಕ, ವಿದ್ಯುತ್ತು ಮತ್ತು ಕೆಲಸಗಾರರನ್ನು ಒಟ್ಟಾಗಿ ಒದಗಿಸುವ ಬಾಡಿಗೆ ಸಂಸ್ಥೆಗಳು ಮಂಗಳೂರಿನ ಸುತ್ತಮುತ್ತ ಇವೆ. ಅಂಥ ಒಂದು ಸಂಸ್ಥೆಯ ಸೇವೆಯನ್ನು ಸಸಿಹಿತ್ಲಿನಲ್ಲಿ ನಡೆದ ಸ್ಪರ್ಧೆಯ ವೇಳೆ ನಾವು ಪಡೆದಿದ್ದೆವು. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಲಿರುವ ಕೊರತೆಗಳು ಸಭಾಂಗಣದ ಮದುವೆ ಮತ್ತು ವಸ್ತುಪ್ರದರ್ಶನಗಳಿಗೆ ಒಗ್ಗಿಹೋದ ಯಾವ ಬಾಡಿಗೆದಾರರಲ್ಲಾದರೂ ಕಾಣಬಹುದಾದಂಥವು. ನಾವು ಪರಿಚಯಿಸುತ್ತಿದ್ದುದು ಸತುವಿನ ಆಕ್ಸೈಡ್ ಇರುವ ಒಂದು ಸನ್‌ಸ್ಕ್ರೀನ್.

ಸ್ಥಳದ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಸೇವೆಯ ಗುಣದೋಷ ಗೊತ್ತಾಗುವುದು ಸ್ಥಳದಿಂದಲೇ. ನಂದಿನಿ ಮತ್ತು ಶಾಂಭವಿ ನದಿಗಳು ಸಮುದ್ರ ಸೇರುವ ಅಳಿವೆಯ ಪಕ್ಕದ ಮರಳ ಪಟ್ಟಿಯೇ ಸಸಿಹಿತ್ಲು. ಇಂಡಿಯನ್ ಓಪನ್ ಆಫ್ ಸರ್ಫಿಂಗ್ 2016ರ ಮೇ ಕೊನೆಯಲ್ಲಿ ಮೊದಲ ಬಾರಿಗೆ ನಡೆದದ್ದು ಇಲ್ಲಿಯೇ. 2022ರಲ್ಲಿ ಪಣಂಬೂರಿಗೆ ಹೋಗಿ, 2023ರಲ್ಲಿ ಮತ್ತೆ ಇಲ್ಲಿಗೆ ಬಂತು. ಮುಂಗಾರು ಕರಾವಳಿಯನ್ನು ಮುಟ್ಟುವ ಹೊತ್ತಿನಲ್ಲಿ ನೈಋತ್ಯದಿಂದ ಬರುವ ಅಲೆಗಳಿಗೆ ಸರ್ಫರ್‌ಗಳು ಬಯಸುವ ಎತ್ತರವೂ ಬಲವೂ ಇರುತ್ತವೆ. ಸರ್ಫರ್‌ಗಳಿಗೆ ವರವಾದ ಈ ಋತು ಮಳಿಗೆಯವರಿಗೆ ಮಾತ್ರ ಪರೀಕ್ಷೆ. ಬೆಳಗ್ಗೆ ನೆಲದಿಂದ ಕಡಲಿನತ್ತ ಬೀಸುವ ತಣ್ಣನೆಯ ಗಾಳಿಯಲ್ಲಿ ಯಾವ ಶಾಮಿಯಾನವಾದರೂ ನೆಟ್ಟಗೆ ನಿಂತೀತು. ಮಧ್ಯಾಹ್ನ ನೆಲ ಕಾದು ಗಾಳಿ ಕಡಲಿನಿಂದ ತಿರುಗಿ ಬೀಸತೊಡಗಿದ ಮೇಲೆ, ಅದರಲ್ಲೂ ಒಂದು ಮೋಡ ಕವಿದು ಹಠಾತ್ತನೆ ಮಳೆ ಹೊಡೆಯುವಾಗ, ಕೊಟ್ಟ ಬಾಡಿಗೆಗೆ ಏನು ಸಿಕ್ಕಿದೆ ಎಂಬುದು ತಿಳಿಯುತ್ತದೆ.

ನಮಗೆ ಸಿಕ್ಕಿದ್ದು ಹತ್ತಡಿಗೆ ಹತ್ತಡಿಯ ಮಡಚುವ ಶಾಮಿಯಾನ, ಮೂರು ಕಡೆಗೆ ಬಟ್ಟೆಯ ಗೋಡೆ, ನಾಲ್ಕು ಕಬ್ಬಿಣದ ಗೂಟಗಳು ಮತ್ತು ಕಾಲಿಗೊಂದರಂತೆ ಕಟ್ಟಲು ಹತ್ತು ಕಿಲೋದ ಮರಳು ಚೀಲಗಳು. ಲೆಕ್ಕ ಕಷ್ಟದ್ದೇನಲ್ಲ. ಗಂಟೆಗೆ 40 ಕಿ.ಮೀ. ವೇಗದ ಗಾಳಿ ತನಗೆ ಎದುರಾಗಿ ನಿಂತ ಪ್ರತಿ ಚದರ ಮೀಟರಿನ ಮೇಲೆ ಸುಮಾರು 7.5 ಕಿಲೋ ತೂಕದಷ್ಟು ಒತ್ತಡ ಹಾಕುತ್ತದೆ. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಒಂದು ಬಟ್ಟೆಯ ಗೋಡೆಗೆ ಅದು 45 ಕಿಲೋ ಆಯಿತು, ಚಾವಣಿಯ ಒಳಗೆ ತುಂಬಿಕೊಂಡ ಗಾಳಿ ಮೇಲಕ್ಕೆತ್ತುವ ಬಲ ಇದಕ್ಕೆ ಹೊರತು. ನಾಲ್ಕು ಚೀಲಗಳ ಒಟ್ಟು ತೂಕ 40 ಕಿಲೋ. ಒಂದಡಿ ಉದ್ದದ ಕಬ್ಬಿಣದ ಗೂಟವಂತೂ ಒಣಮರಳಿನಲ್ಲಿ ಬೆರಳಿನಿಂದ ಎಳೆದರೂ ಕಿತ್ತು ಬರುತ್ತದೆ. ಕಡಲತೀರಕ್ಕೆಂದೇ ಹೆಚ್ಚುವರಿ ದರ ವಿಧಿಸುವ ಸಂಸ್ಥೆಗೆ ಮರಳು ಮತ್ತು ಜೇಡಿಮಣ್ಣಿನ ನಡುವಿನ ಈ ವ್ಯತ್ಯಾಸ ಗೊತ್ತಿರಲಿಲ್ಲವೆಂದರೆ ಒಪ್ಪಿಕೊಳ್ಳುವುದು ಕಷ್ಟ.

ಆದರೂ ನಮ್ಮ ಮಳಿಗೆ ಕೊನೆಯ ದಿನದವರೆಗೂ ನಿಂತಿತ್ತು. ಅದರ ಶ್ರೇಯಸ್ಸು ಸಂಸ್ಥೆ ಕಳುಹಿಸಿದ ಇಬ್ಬರು ಯುವಕರಿಗೆ ಸಲ್ಲಬೇಕು. ಮೀನುಗಾರಿಕೆಯ ಮನೆತನದಿಂದ ಬಂದ ಅವರು ಗೂಟಗಳನ್ನು ಕಂಡು ನಕ್ಕು, ಅವನ್ನು ಬದಿಗಿಟ್ಟು, ಸಲಿಕೆ ಕೇಳಿದರು. ನಾಲ್ಕೂ ಮೂಲೆಗಳಿಂದ ಆರೇಳು ಅಡಿ ಆಚೆ, ಕೆಳಗಿನ ಹಸಿಮರಳು ಸಿಗುವವರೆಗೆ ಗುಂಡಿ ತೋಡಿ, ದೊಡ್ಡ ಗೋಣಿಚೀಲಗಳಲ್ಲಿ ಮರಳು ತುಂಬಿ, ಹಗ್ಗ ಬಿಗಿದು ಹೂತು, ಮೇಲೆ ಮರಳೆಳೆದು ಕಾಲಿನಿಂದ ತುಳಿದರು. ಹೂತ ಚೀಲವನ್ನು ಗಾಳಿ ಎತ್ತಬೇಕಾದರೆ ಅದರ ಮೇಲಿನ ಮರಳನ್ನೂ ಜೊತೆಗೆ ಎತ್ತಬೇಕು. ಕಾಲಿಗೆ ಕಟ್ಟಿದ ಚೀಲಕ್ಕೂ ಇದಕ್ಕೂ ಇರುವ ಅಂತರ ಅದೇ. ದೋಣಿ ಕಟ್ಟುವ ಗಂಟುಗಳನ್ನೇ ಅವರು ಇಲ್ಲಿ ಬಳಸಿದ್ದರಿಂದ ಮಳೆಯಲ್ಲಿ ಹಗ್ಗ ಸಡಿಲಗೊಂಡಾಗ ಕ್ಷಣಮಾತ್ರದಲ್ಲಿ ಮತ್ತೆ ಬಿಗಿಯಬಹುದಾಗಿತ್ತು. ಮಧ್ಯಾಹ್ನವಾಗುತ್ತಲೇ ಕಡಲ ಕಡೆಯ ಮತ್ತು ಅದಕ್ಕೆದುರಿನ ಗೋಡೆಗಳೆರಡನ್ನೂ, ಯಾರೂ ಹೇಳದೆಯೇ, ಸುತ್ತಿ ಮೇಲಕ್ಕೆ ಕಟ್ಟುತ್ತಿದ್ದರು. ಕಂಪನಿಯ ಹೆಸರು ಆ ಹೊತ್ತಿನಲ್ಲಿ ಕಾಣುವುದಿಲ್ಲ, ನಿಜ. ಆದರೆ ಗಾಳಿ ತೂರಿಹೋಗುತ್ತದೆ.

ಫಲಕಗಳ ವಿಷಯದಲ್ಲಿ ಸಂಸ್ಥೆಯ ಜೊತೆ ವಾದವೇ ಆಯಿತು. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷಿದ್ಧ, 2022ರ ಜುಲೈ 1ರಿಂದ ಪ್ಲಾಸ್ಟಿಕ್ ಬಾವುಟಗಳಿಗೂ ದೇಶದಾದ್ಯಂತ ನಿಷೇಧವಿದೆ. ಇಷ್ಟಾಗಿಯೂ ಅವರ ಮೊದಲ ದರಪಟ್ಟಿಯಲ್ಲಿ ಎರಡೂ ಇದ್ದವು. ಹತ್ತಿಬಟ್ಟೆಯ ಮೇಲೆ ಮುದ್ರಿಸಿಕೊಡಿ ಎಂದು ನಾವು ಹಟ ಹಿಡಿದ ಮೇಲೆ ಕೊಟ್ಟರು, ಚೆನ್ನಾಗಿಯೇ ಕೊಟ್ಟರು. ಎಲ್‌ಇಡಿ ಪರದೆ ಮಾತ್ರ ಶುದ್ಧ ದಂಡ: ಬಯಲು ಬಿಸಿಲಿನಲ್ಲಿ ಅದರ ಮೇಲೆ ಏನು ಓಡುತ್ತಿದೆ ಎಂಬುದು ಎದುರಿಗೆ ನಿಂತವರಿಗೂ ಕಾಣುತ್ತಿರಲಿಲ್ಲ. ಅದನ್ನು ಓಡಿಸುವುದಕ್ಕೆಂದೇ ಒಂದು ಜನರೇಟರ್, ಆ ಜನರೇಟರಿನ ಸದ್ದಿಗೆ ನಿರೂಪಕರ ಘೋಷಣೆ ಕೇಳಿಸದೆ ಪ್ರೇಕ್ಷಕರಿಂದ ಬೈಗುಳ.

ಘೋಷಣೆ ಕೇಳಿಸುವುದು ಮಳಿಗೆಯವರಿಗೂ ಮುಖ್ಯ. ಸರ್ಫಿಂಗ್ ಸ್ಪರ್ಧೆಯಲ್ಲಿ ಪ್ರೇಕ್ಷಕರು ಮಳಿಗೆಗಳಿಗೆ ಬೆನ್ನು ಹಾಕಿ ಕಡಲನ್ನೇ ನೋಡುತ್ತಿರುತ್ತಾರೆ. ಒಂದು ಹೀಟ್, ಅಂದರೆ ಕೆಲವು ಸ್ಪರ್ಧಿಗಳು ಒಟ್ಟಿಗೆ ನೀರಿಗಿಳಿಯುವ ಒಂದು ಸರದಿ, ಸಾಮಾನ್ಯವಾಗಿ ಹದಿನೈದು–ಇಪ್ಪತ್ತು ನಿಮಿಷ. ಬೇರೆ ಬೇರೆ ಬಣ್ಣದ ಜೆರ್ಸಿ ತೊಟ್ಟವರು ನೀರಿಗಿಳಿದು ಎಷ್ಟು ಅಲೆಗಳನ್ನೇರಿದರೂ ಪ್ರತಿಯೊಬ್ಬರ ಅತ್ಯುತ್ತಮ ಎರಡು ಅಲೆಗಳ ಅಂಕಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಕೊನೆಯ ನಿಮಿಷದಲ್ಲಿಯೂ ಫಲಿತಾಂಶ ಬದಲಾಗಬಹುದು, ಯಾರೂ ಕತ್ತು ಹೊರಳಿಸುವುದಿಲ್ಲ. ಹೀಟ್ ಮುಗಿದ ಹಾರ್ನ್ ಮೊಳಗಿದೊಡನೆ ಎಲ್ಲರೂ ಒಮ್ಮೆಲೇ ತಿರುಗುತ್ತಾರೆ. ನೆರಳು, ಕುಡಿಯುವ ನೀರು, ಕೂರಲು ನಾಲ್ಕು ಕುರ್ಚಿ ಆಗ ಯಾರಲ್ಲಿ ಇವೆಯೋ ಅವರಲ್ಲಿಗೆ ಜನ ಬರುತ್ತಾರೆ. (ಚರುಮುರಿ ಗಾಡಿಯವರೊಡನೆ ಮಾತ್ರ ಯಾವ ಕಂಪನಿಯೂ ಪೈಪೋಟಿಗಿಳಿಯದಿರುವುದು ಲೇಸು.) ಕುರ್ಚಿಗಳನ್ನು ಸಂಸ್ಥೆ ಧಾರಾಳವಾಗಿ ಕೊಟ್ಟಿತ್ತು, ಅದಕ್ಕೆ ಕೃತಜ್ಞತೆ ಸಲ್ಲಬೇಕು. ನಾವು ಕೇಳಿದಾಗ ಹೊಂದಿಸಿಕೊಟ್ಟ ಆಳೆತ್ತರದ ಒಂದು ಸಾದಾ ಕನ್ನಡಿ ಇಡೀ ಮಳಿಗೆಯಲ್ಲಿ ಅತ್ಯಂತ ಹೆಚ್ಚು ಕೆಲಸ ಮಾಡಿತು. ಸತುವಿನ ಲೇಪ ಮುಖದ ಮೇಲೆ ಬೆಳ್ಳಗೆ ಎದ್ದು ಕಾಣುವುದರಿಂದ ಹಚ್ಚಿಕೊಂಡವರೆಲ್ಲ ಕನ್ನಡಿಯ ಮುಂದೆ ನಿಂತು ನಗುತ್ತಿದ್ದರು, ನಕ್ಕವರನ್ನು ಕಂಡು ಮತ್ತಷ್ಟು ಜನ ಬರುತ್ತಿದ್ದರು. ಬಿಳಿ ಬಣ್ಣ ಕೊಡುವ ಕ್ರೀಮೇ ಇದು ಎಂದು ಕೇಳಿದ ತಾಯಂದಿರಿಗೆ ಅಲ್ಲವೆಂದು ತಿಳಿಸಿ ಹೇಳಿ ಸಾಕಾಯಿತು.

ಸರ್ಫರ್‌ಗಳ ವಿಷಯವೇ ಬೇರೆ. ಅವರು ನೀರಿನಿಂದ ನೇರವಾಗಿ ಬರುತ್ತಾರೆ, ಒದ್ದೆ ಚರ್ಮಕ್ಕೆ ಸನ್‌ಸ್ಕ್ರೀನ್ ಸರಿಯಾಗಿ ಅಂಟುವುದಿಲ್ಲ. ಆದ್ದರಿಂದ ಮೇಜಿನ ಮೇಲೆ ಮಾದರಿ ಟ್ಯೂಬುಗಳಿಗಿಂತ ಮೊದಲು ಒಣಗಿದ ಟವೆಲುಗಳ ರಾಶಿ ಇರಬೇಕು, ನೀರಿಗಿಳಿಯುವ ಕಾಲು ಗಂಟೆ ಮುಂಚೆಯೇ ಹಚ್ಚಿಕೊಳ್ಳಿರೆಂದು ಹೇಳಬಲ್ಲ ಒಬ್ಬರು ಇರಬೇಕು. ಬಾಡಿಗೆ ಸಂಸ್ಥೆಯ ಪಟ್ಟಿಯಲ್ಲಿ ಟವೆಲು ಇರಲಿಲ್ಲ. ನಾವು ಹಳೆಯಂಗಡಿ ಪೇಟೆಯಿಂದ ತರಿಸಿದೆವು.

ಲೆಕ್ಕ ಚುಕ್ತಾ ಮಾಡುವಾಗ ಶಾಮಿಯಾನದ ಕಬ್ಬಿಣದ ಕೀಲುಗಳಿಗೆ ತುಕ್ಕು ಹಿಡಿದಿದೆಯೆಂದು ಠೇವಣಿಯಲ್ಲಿ ಒಂದು ಪಾಲನ್ನು ಕಡಿತ ಮಾಡಿದರು. ಉಪ್ಪುಗಾಳಿಯಲ್ಲಿ ನಿಲ್ಲಿಸಲೆಂದೇ ಬಾಡಿಗೆಗೆ ಕೊಡುವ ಚೌಕಟ್ಟು ಅಲ್ಯೂಮಿನಿಯಮ್ಮಿನದಾಗಿರಬೇಕಿತ್ತು ಎಂಬ ನಮ್ಮ ಆಕ್ಷೇಪವನ್ನು ಕೇಳಿ, ಒಂದು ವಾರದ ನಂತರ ಆ ಹಣವನ್ನು ಮರಳಿಸಿದರು. ಈ ಸೌಜನ್ಯವನ್ನೂ ದಾಖಲಿಸಬೇಕು. ಮುಂದಿನ ಸ್ಪರ್ಧೆಗೆ ನಾವು ಅವರಿಂದ ಕೇಳಿರುವುದು ಚಾವಣಿ, ಕುರ್ಚಿ, ಕನ್ನಡಿ, ಬಟ್ಟೆಯ ಫಲಕ ಇಷ್ಟನ್ನೇ. ಪರದೆ ಮತ್ತು ಜನರೇಟರ್ ಕೈಬಿಟ್ಟು ಉಳಿಯುವ ಮೊತ್ತದಲ್ಲಿ ಆ ಇಬ್ಬರು ಯುವಕರ ದಿನಗೂಲಿಯನ್ನು ಹೆಚ್ಚಿಸಬೇಕೆಂದೂ, ಅವರು ಬರುವುದು ಖಚಿತವಾದ ಮೇಲೆಯೇ ಮುಂಗಡ ಕಳುಹಿಸುವುದಾಗಿಯೂ ಬರೆದಿದ್ದೇವೆ.