ಹೊಸ ರೈಡರ್‌ಗಳಿಗೆ ಮೆಂಟರ್ ರೈಡ್: ಹೋಗಬಹುದಾ?

ಲೈಸೆನ್ಸ್ ಸಿಕ್ಕಿದೆ, ಆದರೆ ತಿರುವು ಬಂದರೆ ಕೈ ಬಿಗಿಯಾಗುತ್ತದೆ ಅನ್ನುವವರಿಗೆ ಮೆಂಟರ್ ರೈಡ್, ಅಂದ್ರೆ ಅನುಭವಿ ಬೈಕ್ ರೈಡರ್‌ಗಳು ಹೊಸಬರಿಗೆ ಕಲಿಸುತ್ತಾ ಜೊತೆಗೆ ಹೋಗುವ ಗುಂಪು ರೈಡ್, ಖಂಡಿತ ಉಪಯೋಗ. ಹೊಸಬರನ್ನು ಗುಂಪಿನ ಮುಂದೆ ಹೋಗುವ ಲೀಡ್ ರೈಡರ್ ಹಿಂದೆಯೇ ಇರಿಸುತ್ತಾರೆ, ಕೊನೆಗೆ ತಳ್ಳುವುದಿಲ್ಲ. ಕೊನೆಯಲ್ಲಿದ್ದರೆ ಗುಂಪನ್ನು ಹಿಡಿಯಲು ಸುಮ್ನೆ ಜಾಸ್ತಿ ವೇಗವಾಗಿ ಓಡಿಸಬೇಕಾಗುತ್ತದೆ ಅಲ್ವಾ. ನೇರ ಮುಂದಿರುವ ಬೈಕಿಗೆ ಕನಿಷ್ಠ 2 ಸೆಕೆಂಡ್ ಅಂತರ.

ನನಗೆ ತುಂಬಾ ಹಿಡಿಸಿದ್ದು ಬ್ರೇಕ್ ಪಾಠ. ಮುಂದಿನ ಬ್ರೇಕ್ ಅಂದ್ರೆ ಹೆದರುವವರೇ ಜಾಸ್ತಿ, ಆದರೆ ಬ್ರೇಕ್ ಹಾಕಿದಾಗ ಭಾರ ಮುಂದಿನ ಚಕ್ರಕ್ಕೇ ಬರುತ್ತದೆ, ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಅಲ್ಲೇ ಇದೆ ಅಂತ ಖಾಲಿ ಮೈದಾನದಲ್ಲಿ ಮಾಡಿಸಿಯೇ ತೋರಿಸುತ್ತಾರೆ. ಲಿವರ್ ಗಬಕ್ಕನೆ ಹಿಡಿಯಬಾರದು, ಒತ್ತುತ್ತಾ ಹೋಗಬೇಕು. ಗುಂಡಿಯನ್ನೇ ನೋಡಿದರೆ ಬೈಕ್ ಗುಂಡಿಗೇ ಹೋಗುತ್ತದೆ, ಹೋಗಬೇಕಾದ ಕಡೆ ನೋಡಿ ಅಂತಾರೆ.

ಒಬ್ಬ ಮೆಂಟರ್ ಮಾತ್ರ ತಮ್ಮ ಸಾಹಸದ ಕಥೆಯಲ್ಲೇ ಮುಳುಗಿದ್ದರು. ಅಂಥವರು ಸಿಕ್ಕರೆ ಮುಲಾಜಿಲ್ಲದೆ ಬೇರೆಯವರನ್ನು ಕೇಳಿ, ಕೊಡುತ್ತಾರೆ.