ಲೇಔಟ್ ರಸ್ತೆಗೆ ಇನ್‌ಫ್ರಾರೆಡ್ ತೇಪೆ: ಎಲ್ಲಿ ಮಾಡಿಸಬೇಕು, ಎಲ್ಲಿ ಬೇಡ

ಬೆಂಗಳೂರಿನ ಲೇಔಟ್, ಅಪಾರ್ಟ್‌ಮೆಂಟ್‌ಗಳ ಒಳರಸ್ತೆಯಲ್ಲಿ ಗುಂಡಿ ಮುಚ್ಚಲು, ಅಲ್ಲಿನ ಹಳೆಯ ಡಾಂಬರನ್ನೇ ಕಾಯಿಸಿ ಮೆತ್ತಗೆ ಮಾಡುವ ಗ್ಯಾಸ್ ಇನ್‌ಫ್ರಾರೆಡ್ ಹೀಟರ್ ತರುವ ಸೇವೆಯನ್ನು ನಾವು ಧೈರ್ಯವಾಗಿ ಶಿಫಾರಸು ಮಾಡುತ್ತೇವೆ. ಮುಖ್ಯ ಷರತ್ತು: ಡಾಂಬರಿನ ಕೆಳಗಿನ ಜಲ್ಲಿ ಪದರ ಗಟ್ಟಿಯಾಗಿರಬೇಕು.

ಮಾಮೂಲಿ ವಿಧಾನದಲ್ಲಿ ಒಂದು ಚದರ ಮೀಟರ್ ಜಾಗವನ್ನು 50 ಮಿ.ಮೀ. ಆಳ ಅಗೆದು ತುಂಬಲು ಸುಮಾರು 115 ಕೆ.ಜಿ. ಹಾಟ್ ಮಿಕ್ಸ್ (ಬಿಸಿ ಡಾಂಬರು-ಜಲ್ಲಿ ಮಿಶ್ರಣ) ಬೇಕು. ಅಷ್ಟನ್ನೂ ಪ್ಲಾಂಟ್‌ನಲ್ಲಿ 150–160 ಡಿಗ್ರಿಗೆ ಕಾಯಿಸಿ, ಟ್ರಾಫಿಕ್ ದಾಟಿಸಿ, ಆರುವ ಮೊದಲೇ ತರಬೇಕು. ಅಗೆದ ಡಾಂಬರು ಯಾವುದೋ ಖಾಲಿ ಸೈಟು ಸೇರುತ್ತದೆ. ಇನ್‌ಫ್ರಾರೆಡ್‌ನಲ್ಲಿ ಆ ಹಳೆಯ ಡಾಂಬರೇ ಮಾಲು. ಇಂಧನ ಉಳಿಯುವುದು ಇಲ್ಲೇ.

ಗುಂಡಿಯ ನೀರು, ಮಣ್ಣು ಪೂರ್ತಿ ತೆಗೆದು, ಸುತ್ತ ಒಂದು ಗೇಣು ಗಟ್ಟಿ ಡಾಂಬರನ್ನೂ ಸೇರಿಸಿ ಹೀಟರ್ ಇಳಿಸುತ್ತಾರೆ. ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ ಸಾಕು. ಮೆತ್ತಗಾದದ್ದನ್ನು ಕೆದಕಿ, ಗಡುಸಾದ ಬಿಟುಮೆನ್ (ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟು) ಮತ್ತೆ ಅಂಟುವಂತೆ ರಿಜುವನೇಟರ್ ಸಿಂಪಡಿಸಿ, ಕೊರತೆ ಬಿದ್ದಷ್ಟೇ ಹೊಸ ಮಿಕ್ಸ್ ಬೆರೆಸಿ, ಅಂಚಿನಿಂದ ನಡುವಿಗೆ ರೋಲರ್ ಹೊಡೆಯುತ್ತಾರೆ. ಬಿಸಿ 90 ಡಿಗ್ರಿಗೆ ಇಳಿಯುವ ಮೊದಲೇ ರೋಲಿಂಗ್ ಮುಗಿಯಬೇಕು. ಕಾದ ಅಂಚನ್ನು ನಾಲ್ಕು ಬೆರಳಗಲ ಕೆದಕದೆ ಬಿಡಬೇಕು. ಹಳೆಯದೂ ಹೊಸದೂ ಬೆಸೆಯುವುದು ಅಲ್ಲೇ. ಕತ್ತರಿಸಿ ಹಾಕಿದ ತೇಪೆಯಲ್ಲಿ ಮಳೆನೀರು ಇಳಿಯುವ ಸಂದು ಇಲ್ಲಿ ಇರುವುದಿಲ್ಲ. ಈ ವಿಧಾನವನ್ನು ನಾವು ಮೆಚ್ಚಲು ದೊಡ್ಡ ಕಾರಣ ಇದೇ.

ಕೆಡುವುದು ಅವಸರದಿಂದ. ಬೇಗ ಮುಗಿಸಲು ಉರಿ ಏರಿಸಿದರೆ ಮೇಲ್ಮೈ ಸುಟ್ಟು ನೀಲಿ ಹೊಗೆ ಏಳುತ್ತದೆ, ಒಳಗೆ ಮಾತ್ರ ತಣ್ಣಗೇ ಇರುತ್ತದೆ. ಸುಟ್ಟ ಬಿಟುಮೆನ್ ಜಲ್ಲಿಯನ್ನು ಹಿಡಿಯದು, ಸ್ವಲ್ಪ ದಿನಕ್ಕೇ ಕಲ್ಲು ಉದುರುತ್ತವೆ. ಹೊಗೆ ಕಂಡ ಕೂಡಲೇ ಹೀಟರ್ ಎತ್ತಿಸಿ. ಕಂಬಿ ಚುಚ್ಚಿ ನೋಡಿ: 40 ಮಿ.ಮೀ.ವರೆಗೆ ಸಲೀಸಾಗಿ ಇಳಿಯಬೇಕು. ರಸ್ತೆ ಒದ್ದೆಯಿದ್ದರೆ ಗ್ಯಾಸೆಲ್ಲ ನೀರು ಆವಿಯಾಗಿಸಲಿಕ್ಕೇ ಖರ್ಚು.

ಕೇಬಲ್ ಅಥವಾ ಪೈಪಿಗೆ ಅಗೆದು ಕುಸಿದ ಜಾಗ, ಬಿರುಕಿನಿಂದ ಕೆಸರು ಉಕ್ಕುವ ಜಾಗ, ಬರೀ 25 ಮಿ.ಮೀ. ಡಾಂಬರು ಬಳಿದ ರಸ್ತೆ: ಇಲ್ಲೆಲ್ಲ ಬೇಡ. ಮೊದಲು ಬೇಸ್ ಸರಿಮಾಡಿಸಿ, ಮೋರಿ ಬಿಡಿಸಿ. ವೈಟ್ ಟಾಪಿಂಗ್ ಕಾಂಕ್ರೀಟಿಗೆ ಇದು ನಡೆಯುವುದೇ ಇಲ್ಲ.

ಮಳೆಗಾಲದ ತುರ್ತಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡ ಐಆರ್‌ಸಿ 116ರ ಪ್ರಕಾರ ಕಟ್‌ಬ್ಯಾಕ್ ಬಿಟುಮೆನ್‌ನಿಂದ (ದ್ರಾವಕ ಬೆರೆಸಿ ತೆಳುವಾಗಿಸಿದ ಬಿಟುಮೆನ್) ತಯಾರಿಸಿದ ಚೀಲದ ಮಿಕ್ಸ್ ಮೇಲು. ನೀರಿನಲ್ಲಿ ಬಿಟುಮೆನ್ ಬೆರೆಸಿದ ಎಮಲ್ಷನ್‌ನ ಕೋಲ್ಡ್ ಮಿಕ್ಸ್‌ಗೂ ಬಿಸಿ ಬೇಡ, ಆದರೆ ಅದರೊಳಗಿನ ನೀರು ಆರಬೇಕು. ಜುಲೈ ಜಡಿಯಲ್ಲಿ ಅದು ಕೂರುವುದು ಕಷ್ಟ.

ಹೀಟರ್ ಬಂದು ಹೋಗುವ ಖರ್ಚು ಒಂದು ಗುಂಡಿಗೂ ಹತ್ತಕ್ಕೂ ಹೆಚ್ಚುಕಡಿಮೆ ಒಂದೇ. ಗುಂಡಿಗಳನ್ನೆಲ್ಲ ಸುಣ್ಣದಲ್ಲಿ ಗುರುತಿಸಿಟ್ಟು, ಜನವರಿಯಿಂದ ಮಾರ್ಚ್‌ನೊಳಗೆ ಒಟ್ಟಿಗೆ ಮಾಡಿಸಿ.