ಕಿನ್ಸ್‌ಮೆನ್: ಎರಡು ಆಲ್ಟೊ, ಕದಲದ ಒಂದು ಷಡ್ಜ

ಕರ್ನಾಟಕ ಸಂಗೀತಕ್ಕೂ ಜಾಝ್‌ಗೂ ಗಂಟು ಹಾಕಲು ಹೊರಟ ಆಲ್ಬಮ್‌ಗಳಲ್ಲಿ ಹೆಚ್ಚಿನವು ಎಡವುವುದು ಷಡ್ಜದ, ಅಂದರೆ ಆಧಾರ ಸ್ವರವಾದ 'ಸ'ದ ಹತ್ತಿರ. ನಮ್ಮ ಕಚೇರಿಯಲ್ಲಿ ತಂಬೂರಿ ಮೀಟಿದ ಮೇಲೆ ಷಡ್ಜ ಕದಲುವಂತಿಲ್ಲ. ಜಾಝ್‌ನಲ್ಲಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾದಂತೆಲ್ಲ ಆಧಾರ ಸ್ವರವೂ ಜಾಗ ಬದಲಿಸುತ್ತದೆ, ಅದರ ಮಜಾ ಇರುವುದೇ ಅಲ್ಲಿ. ಎರಡನ್ನೂ ಒಂದೇ ವೇದಿಕೆಗೆ ತಂದರೆ ಒಂದೋ ಜಾಝ್‌ನವರು ಒಂದೇ ಕಾರ್ಡಿಗೆ ಜೋತುಬಿದ್ದು ಬೇಸರ ತರಿಸುತ್ತಾರೆ, ಇಲ್ಲವೇ ನಮ್ಮವರು ರಾಗ ಬಿಟ್ಟು ಬರೀ ಆರೋಹಣ ಅವರೋಹಣ ಓಡಿಸುತ್ತಾರೆ. ಸ್ಯಾಕ್ಸೊಫೋನ್ ವಾದಕರಾದ ರುದ್ರೇಶ್ ಮಹಾಂತಪ್ಪ ಮತ್ತು ಕದ್ರಿ ಗೋಪಾಲನಾಥ್ ಸೇರಿ ನುಡಿಸಿದ 'ಕಿನ್ಸ್‌ಮೆನ್' ಈ ಎರಡು ಗುಂಡಿಗೂ ಬೀಳದ ಅಪರೂಪದ ಆಲ್ಬಮ್. 2008ರಲ್ಲಿ ನ್ಯೂಯಾರ್ಕಿನ ಪೈ ರೆಕಾರ್ಡಿಂಗ್ಸ್ ಹೊರತಂದಿತು. ಹಳೆಯದಾದರೂ ಕನ್ನಡದಲ್ಲಿ ಇದರ ಮಾತು ನಡೆದದ್ದು ಕಡಿಮೆ. ಮುಖ್ಯ ವಾದಕರಿಬ್ಬರೂ ಕರ್ನಾಟಕದ ಬೇರಿನವರು ಎಂಬುದನ್ನು ನೋಡಿದರೆ ಇದು ಸ್ವಲ್ಪ ನಾಚಿಕೆಯ ವಿಷಯವೇ.

ತಂಡದ ಹೆಸರು ದಕ್ಷಿಣ ಎನ್‌ಸೆಂಬಲ್, ಒಟ್ಟು ಏಳು ಜನ. ಆಲ್ಟೊ ಸ್ಯಾಕ್ಸೊಫೋನ್ ಎರಡು: ಕದ್ರಿ ಮತ್ತು ರುದ್ರೇಶ್. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರ್ ಶ್ರೀಜಿ, ಗಿಟಾರ್‌ಗೆ ರೆಜ್ ಅಬ್ಬಾಸಿ, ಬಾಸ್‌ಗೆ ಕಾರ್ಲೊ ಡಿ ರೋಸಾ, ಡ್ರಮ್ ಸೆಟ್ಟಿಗೆ ರಾಯಲ್ ಹಾರ್ಟಿಗನ್. ಕಚೇರಿಯ ಮೇಳ ಒಂದು, ಜಾಝ್ ಕ್ವಾರ್ಟೆಟ್ ಒಂದು, ಎರಡನ್ನೂ ಇಡಿಯಾಗಿ ತಂದು ಎದುರುಬದುರು ಕೂರಿಸಿದ ಲೆಕ್ಕ.

ಕದ್ರಿಯವರು 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪದಲ್ಲಿ ಹುಟ್ಟಿದವರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಹುಡುಗ ಮರುಳಾದದ್ದು, ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠ, ಆಮೇಲೆ ಚೆನ್ನೈನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ, ಇವೆಲ್ಲ ಕರಾವಳಿಯವರಿಗೆ ಗೊತ್ತಿರುವ ಕಥೆ. ಜಾಝ್ ಅವರಿಗೆ ಹೊಸದೇನೂ ಆಗಿರಲಿಲ್ಲ. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅಮೆರಿಕದ ಆಲ್ಟೊ ವಾದಕ ಜಾನ್ ಹ್ಯಾಂಡಿ ಜತೆ ವೇದಿಕೆ ಹಂಚಿಕೊಂಡಿದ್ದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು.

ಅವರ ಸಾಧನೆ ಏನೆಂದು ತಿಳಿಯಬೇಕಾದರೆ ವಾದ್ಯದ ತಾಂತ್ರಿಕತೆಯನ್ನು ಸ್ವಲ್ಪ ನೋಡಲೇಬೇಕು. ಕೊಳಲಿಗೂ ನಾಗಸ್ವರಕ್ಕೂ ಇರುವುದು ತೆರೆದ ರಂಧ್ರ. ಬೆರಳನ್ನು ಮೆಲ್ಲಗೆ ಉರುಳಿಸಿದರೆ ಸ್ವರ ಜಾರುತ್ತದೆ, ಅರ್ಧ ಮುಚ್ಚಿದರೆ ನಡುವೆ ನಿಲ್ಲುತ್ತದೆ. ಸ್ಯಾಕ್ಸೊಫೋನಿನಲ್ಲಿ ಬೆರಳು ರಂಧ್ರವನ್ನು ಮುಟ್ಟುವುದೇ ಇಲ್ಲ. ಕೀ ಒತ್ತಿದರೆ ಪ್ಯಾಡ್ ಬಂದು ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ, ನಡುವಿನ ಸ್ಥಿತಿ ಕೈಗೆ ಸಿಗುವುದು ಬಲು ಕಷ್ಟ. ಹಾಗಾಗಿ ಗಮಕದ, ಅಂದರೆ ಸ್ವರವನ್ನು ತೂಗಿಸುವ, ಜಾರಿಸುವ ಕೆಲಸ ಬೆರಳಿನಿಂದ ಕೆಳತುಟಿ, ದವಡೆ, ಗಂಟಲಿಗೆ ವರ್ಗವಾಗುತ್ತದೆ. ಇಲ್ಲೊಂದು ಮಿತಿಯಿದೆ: ತುಟಿ ಸಡಿಲಿಸಿ ಸ್ವರವನ್ನು ಕೆಳಗೆ ಎಳೆಯಬಹುದು, ಬಿಗಿಹಿಡಿದು ಮೇಲಕ್ಕೆ ತಳ್ಳಲು ಹೋದರೆ ಹೆಚ್ಚು ದೂರ ಹೋಗುವುದಿಲ್ಲ. ಆದ್ದರಿಂದ ಮೇಲಿನ ಸ್ವರದ ಕೀ ಹಿಡಿದು ಕೆಳಗಿನ ಸ್ವರಕ್ಕೆ ಇಳಿಸಬೇಕು.

ಕಲ್ಯಾಣಿ ರಾಗದ ಗಾಂಧಾರ ತೆಗೆದುಕೊಳ್ಳಿ. ಅದು ನೆಟ್ಟಗೆ ನಿಲ್ಲುವ ಸ್ವರವಲ್ಲ, ಪ್ರತಿಮಧ್ಯಮದ (ಎರಡು ಮಧ್ಯಮಗಳಲ್ಲಿ ಮೇಲಿನದು) ಕಡೆಗೆ ತೂಗುತ್ತಿರುತ್ತದೆ. ಸ್ಯಾಕ್ಸ್‌ನಲ್ಲಿ ಹಾಗೆ ಬರಬೇಕಾದರೆ ಮಧ್ಯಮದ ಕೀ ಹಿಡಿದೇ ದವಡೆ ಸಡಿಲಿಸಿ, ಎರಡು ಸ್ವರಸ್ಥಾನ ಕೆಳಗಿಳಿಸಿ, ಮತ್ತೆ ಮೇಲೆತ್ತಬೇಕು. ಮೇಲಿನ ಸ್ಥಾಯಿಯಲ್ಲಿ ಇದು ಸುಲಭವಾಗಿ ಬಗ್ಗುತ್ತದೆ, ಕೆಳಗೆ ಮಂದ್ರಕ್ಕೆ ಹೋದಂತೆ ಹಟ ಮಾಡುತ್ತದೆ. ದವಡೆ ಅತಿಯಾಗಿ ಬಿಟ್ಟರೆ ನಾದ ಸಾಯುತ್ತದೆ ಅಥವಾ ಸ್ವರ ಒಡೆದು ಕೆಳಸ್ಥಾಯಿಗೆ ಬೀಳುತ್ತದೆ. ಅತಿಯಾಗಿ ಕಚ್ಚಿದರೆ ರೀಡ್ ಕಿರಿಚುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷ ಮೂರನೆಯದು: ಇಳಿದ ತುಟಿ ಪೂರ್ತಿ ಹಿಂದಿರುಗದೆ ಉಳಿದು, ಮುಂದಿನ ಸ್ವರಗಳೆಲ್ಲ ಕೂದಲೆಳೆಯಷ್ಟು ಇಳಿದೇ ನಿಲ್ಲುವುದು. ಕದ್ರಿಯವರ ನುಡಿಸಾಣಿಕೆಯಲ್ಲಿ ಈ ಮೂರನೆಯದು ಕಾಣಿಸದಿರುವುದೇ ಅವರ ವರ್ಷಾನುಗಟ್ಟಲೆಯ ಸಾಧಕಕ್ಕೆ ಸಾಕ್ಷಿ.

ರುದ್ರೇಶ್ ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟೆಯಲ್ಲಿ. ಬೆಳೆದದ್ದು ಅಮೆರಿಕದ ಕೊಲರಾಡೊದ ಬೌಲ್ಡರ್‌ನಲ್ಲಿ, ಕನ್ನಡದ ಮನೆಯಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. ಹುಡುಗನ ತಲೆಯಲ್ಲಿ ತುಂಬಿದ್ದು ಜಾಝ್ ಆಲ್ಟೊ ವಾದಕ ಚಾರ್ಲಿ ಪಾರ್ಕರ್, ತ್ಯಾಗರಾಜರಲ್ಲ. ಬೋಸ್ಟನ್ನಿನ ಬರ್ಕ್ಲಿ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಕದ್ರಿಯವರ ರೆಕಾರ್ಡಿಂಗ್ ಒಂದನ್ನು ಕೈಗಿತ್ತರಂತೆ. ತಮಾಷೆ ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ, ನಂತರ ನ್ಯೂಯಾರ್ಕ್. 2004ರ 'ಮದರ್ ಟಂಗ್' ಆಲ್ಬಮ್‌ಗಾಗಿ ಬೇರೆ ಬೇರೆ ಭಾರತೀಯ ಭಾಷೆಯವರ ಮಾತನ್ನು ಧ್ವನಿಮುದ್ರಿಸಿ, ಆ ಮಾತಿನ ಏರಿಳಿತವನ್ನೇ ಸ್ವರಕ್ಕೆ ಇಳಿಸಿದರು. ಅದರಲ್ಲಿ 'ಕನ್ನಡ' ಹೆಸರಿನ ಒಂದು ಟ್ರ್ಯಾಕೂ ಇದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾಝ್ ವಿಭಾಗದ ನಿರ್ದೇಶಕರೂ ಆದರು.

ದಕ್ಷಿಣ ಎನ್‌ಸೆಂಬಲ್ ಕಟ್ಟಿದ್ದು 2005ರಲ್ಲಿ, ನ್ಯೂಯಾರ್ಕಿನ ಏಷ್ಯಾ ಸೊಸೈಟಿ ಹೊಸ ಕೃತಿ ಬರೆಯಿಸಿದಾಗ. ಮೂರು ವರ್ಷ ಆದಮೇಲೆ ಆಲ್ಬಮ್ ಬಂತು. ಒಂದೇ ಸಂಜೆಯ ಜುಗಲ್‌ಬಂದಿಯನ್ನು ರೆಕಾರ್ಡ್ ಮಾಡಿ ಮಾರಿದ ಸರಕಲ್ಲ ಇದು, ಕೇಳಿದರೆ ಗೊತ್ತಾಗುತ್ತದೆ. ಎರಡು ಸ್ಯಾಕ್ಸ್ ಒಟ್ಟಾಗಿ ಒಂದೇ ಸಂಚಾರ ಹಿಡಿದು ಓಡುವಾಗ ಗಮಕದ ಅಂಚುಗಳೂ ಕೂಡಿಕೊಳ್ಳುತ್ತವೆ. ಅಷ್ಟು ಕೂಡಿಬರಲು ಬರಹದ ನೊಟೇಶನ್ ಸಾಲದು, ಜತೆಗೆ ಕೂತು ತಾಲೀಮು ಮಾಡಿರಬೇಕು.

ಷಡ್ಜದ ಸಮಸ್ಯೆಯನ್ನು ಬಿಡಿಸುವ ದಾರಿ ಗ್ರಹಭೇದ (ಆಧಾರ ಸ್ವರ ಸರಿಸಿ ಬೇರೆ ರಾಗ ಹುಟ್ಟಿಸುವುದು) ಗೊತ್ತಿದ್ದವರಿಗೆ ಥಟ್ಟನೆ ಹೊಳೆಯುತ್ತದೆ. ಕಲ್ಯಾಣಿಯ ಸ್ವರಗಳನ್ನು ಹಾಗೇ ಇಟ್ಟುಕೊಂಡು ಆಧಾರವನ್ನು ರಿಷಭಕ್ಕೆ ಸರಿಸಿದರೆ ಹರಿಕಾಂಭೋಜಿ, ಗಾಂಧಾರಕ್ಕೆ ನಟಭೈರವಿ, ಪಂಚಮಕ್ಕೆ ಶಂಕರಾಭರಣ, ಧೈವತಕ್ಕೆ ಖರಹರಪ್ರಿಯ, ನಿಷಾದಕ್ಕೆ ತೋಡಿ. ನಮ್ಮಲ್ಲಿ ಇದನ್ನು ವಿದ್ವತ್ತಿನ ಪ್ರದರ್ಶನಕ್ಕೆ ಒಂದೆರಡು ನಿಮಿಷ ಮಾಡಿ ಬಿಡುತ್ತಾರೆ. ಜಾಝ್ ತಂಡ ಇದನ್ನೇ ಬಾಸ್‌ನಿಂದ ಮಾಡಬಲ್ಲದು: ಮೇಲೆ ಕದ್ರಿ ತಮ್ಮ ಷಡ್ಜ ಬಿಡದೆ ರಾಗ ನುಡಿಸುತ್ತಿರಲಿ, ಕೆಳಗೆ ಬಾಸ್ ರಿಷಭಕ್ಕೋ ಧೈವತಕ್ಕೋ ಸರಿದರೆ ಸಾಕು. ರಾಗ ಕೆಡುವುದಿಲ್ಲ, ಆದರೆ ಕೇಳುವ ಕಿವಿಗೆ ನೆಲವೇ ಪಕ್ಕಕ್ಕೆ ಜರುಗಿದ ಹಾಗಾಗುತ್ತದೆ. ಕಾರ್ಲೊ ಡಿ ರೋಸಾ ಅವರ ಬಾಸನ್ನು ಈ ದೃಷ್ಟಿಯಿಂದ ಹಿಂಬಾಲಿಸಿದರೆ ಆಲ್ಬಮ್ ಬೇರೆಯೇ ತರಹ ತೆರೆದುಕೊಳ್ಳುತ್ತದೆ.

ಈ ಉಪಾಯಕ್ಕೂ ಒಂದು ಅಡ್ಡಿ ಉಂಟು, ಅದು ಮೃದಂಗ. ಕರಣೆ (ಕಪ್ಪು ಲೇಪ) ಹಾಕಿದ ಬಲಬದಿ ಷಡ್ಜಕ್ಕೆ ಶ್ರುತಿಯಾಗಿರುತ್ತದೆ, 'ಧಿಂ' ಎಂದಾಗಲೆಲ್ಲ ಅದೇ ಮೊಳಗುತ್ತದೆ. ಬಾಸ್ ಧೈವತದಲ್ಲಿದ್ದರೆ ಈ ಷಡ್ಜ ಮೈನರ್ ಕಾರ್ಡಿನ ಗಾಂಧಾರವಾಗಿ ಸಿಹಿಯಾಗಿ ಕೂರುತ್ತದೆ. ರಿಷಭದಲ್ಲಿದ್ದರೂ ತೊಂದರೆಯಿಲ್ಲ. ಬಾಸ್ ಪಂಚಮಕ್ಕೆ ಹೋಗಿ ಗಿಟಾರ್ ಪೂರ್ತಿ ಮೇಜರ್ ಕಾರ್ಡ್ ಹಿಡಿದರೆ ಮಾತ್ರ ಆ ಕಾರ್ಡಿನೊಳಗೆ ಬರುವ ಕಲ್ಯಾಣಿಯ ನಿಷಾದಕ್ಕೂ ಮೃದಂಗದ ಷಡ್ಜಕ್ಕೂ ತಿಕ್ಕಾಟ. ನಿಷಾದಕ್ಕೇ ಹೋದರಂತೂ ಕಿವಿ ಮುಚ್ಚಿಕೊಳ್ಳಬೇಕು. ಫ್ಯೂಷನ್ ಕಚೇರಿಗಳಲ್ಲಿ 'ಏನೋ ಸರಿಯಿಲ್ಲ' ಅನ್ನಿಸುವುದು ಬಹಳ ಸಲ ಇಲ್ಲೇ. ರೆಜ್ ಅಬ್ಬಾಸಿ ಅವರ ಗಿಟಾರ್ ಇಲ್ಲಿ ಹೆಚ್ಚಾಗಿ ಕಡಿಮೆ ಸ್ವರಗಳಲ್ಲೇ ಕೆಲಸ ಮುಗಿಸುವುದು ಜಾಣತನ. ಕರಾಚಿಯಲ್ಲಿ ಹುಟ್ಟಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಅಬ್ಬಾಸಿ, ತಬಲಾದ ಉಸ್ತಾದ್ ಅಲ್ಲಾರಖಾ ಅವರ ಬಳಿ ಕಲಿತವರು. ಎಲ್ಲಿ ಸುಮ್ಮನಿರಬೇಕು ಎಂಬುದು ಅವರಿಗೆ ಗೊತ್ತು.

ತಾಳದ ಕಡೆ ಹಾರ್ಟಿಗನ್ ಸರಿಯಾದ ಆಯ್ಕೆ. ಪಶ್ಚಿಮ ಆಫ್ರಿಕಾದ ತಾಳಗಳನ್ನು ಡ್ರಮ್ ಸೆಟ್ಟಿಗೆ ಹೊಂದಿಸುವ ಬಗ್ಗೆ ಪುಸ್ತಕವನ್ನೇ ಬರೆದವರು. ಏಳು, ಐದರ ಲೆಕ್ಕ ಅವರಿಗೆ ಕಸರತ್ತಲ್ಲ. ಆದರೂ ಡ್ರಮ್ ಸೆಟ್ಟಿನ ರೈಡ್ ಸಿಂಬಲ್‌ಗೂ ಮೃದಂಗದ ಬಲಬದಿಯ ಚಾಪು ಪೆಟ್ಟಿಗೂ ಹುಟ್ಟಾ ವೈರ. ಸಿಂಬಲ್ಲಿನ ಝೇಂಕಾರ ಹರಡಿಕೊಂಡರೆ ಮೃದಂಗದ ಮೇಲ್ದನಿಯ ಸೂಕ್ಷ್ಮಗಳು ಅದರಡಿ ಮುಚ್ಚಿಹೋಗುತ್ತವೆ. ಈ ಆಲ್ಬಮ್‌ನ ಬಗೆಗೆ ನನ್ನ ದೊಡ್ಡ ತಕರಾರೂ ಇದೇ: ಇಡೀ ತಂಡ ಜೋರಾದಾಗ ಶ್ರೀಜಿಯವರ ಎಡಗೈ ಮಾತ್ರ ಉಳಿಯುತ್ತದೆ, ಬಲಗೈಯನ್ನು ಊಹಿಸಿಕೊಳ್ಳಬೇಕಾಗುತ್ತದೆ.

ಪಕ್ಕವಾದ್ಯದ ಪ್ರಶ್ನೆಯೂ ಇದೆ. ಕನ್ಯಾಕುಮಾರಿಯವರು ಗಾಯಕಿ ಎಂ.ಎಲ್. ವಸಂತಕುಮಾರಿಯವರಿಗೂ ಕದ್ರಿಯವರಿಗೂ ವರ್ಷಗಟ್ಟಲೆ ಪಿಟೀಲು ಹಿಡಿದವರು, 2016ರ ಸಂಗೀತ ಕಲಾನಿಧಿ ಬಿರುದು ಪಡೆದವರು. ಮುಖ್ಯ ವಾದಕರ ನೆರಳಾಗಿ, ಒಂದು ಕ್ಷಣ ಹಿಂದಿನಿಂದ ಅದೇ ಸಂಚಾರವನ್ನು ಎಳೆಯುವುದು ನಮ್ಮ ಪದ್ಧತಿ. ಜಾಝ್ ಗಿಟಾರ್ ಮಾಡುವುದು ಬೇರೆ: ಸಂಚಾರ ನಕಲು ಮಾಡದೆ ಕೆಳಗೆ ಕಾರ್ಡ್ ಚುಚ್ಚುತ್ತಾ ಹೋಗುವುದು. ಎರಡೂ ಒಟ್ಟಿಗೆ ನಡೆದರೆ ಗಲಿಬಿಲಿ. ತಂಡ ಬಹುಪಾಲು ಒಂದು ಹೊತ್ತಿಗೆ ಒಂದನ್ನೇ ಇಟ್ಟುಕೊಂಡಿದೆ, ಒಳ್ಳೆಯದು. ಆದರೆ ಕನ್ಯಾಕುಮಾರಿಯವರಿಗೆ ಸಿಕ್ಕ ಜಾಗ ಅವರ ತೂಕಕ್ಕೆ ಕಡಿಮೆಯಾಯಿತು.

ದೊಡ್ಡ ರಚನೆಗಳ ನಡುವೆ ಒಬ್ಬೊಬ್ಬರೇ ನುಡಿಸುವ ಪುಟ್ಟ ಆಲಾಪಗಳಿವೆ. ಅರ್ಧ ಗಂಟೆ ರಾಗ ವಿಸ್ತಾರ ಕೇಳಿ ರೂಢಿಯಾದವರಿಗೆ ಇವು ಜಿಪುಣತನ ಅನ್ನಿಸುತ್ತವೆ. ಅವುಗಳ ಕೆಲಸ ಬೇರೆ: ಮುಂದೆ ಬರುವ ರಚನೆಗೆ ಕಿವಿ ಹದ ಮಾಡುವುದು. ಅದಕ್ಕೇ ಶಫಲ್ ಹಾಕಿ ಕೇಳಬೇಡಿ, ಜೋಡಣೆ ಕೆಟ್ಟರೆ ಆಲಾಪಗಳು ಅನಾಥವಾಗುತ್ತವೆ. 'ಕಲ್ಯಾಣಿ' ಹೆಸರಿನ ರಚನೆಯಿಂದ ಶುರು ಮಾಡಿ ಆಮೇಲೆ ಮೊದಲಿನಿಂದ ಕೇಳುವುದು ಕಚೇರಿ ಕಿವಿಯವರಿಗೆ ಸುಲಭದ ದಾರಿ. 'ಗಣೇಶ' ಹೆಸರು ನೋಡಿ ಮಂಗಳಕರವಾಗಿ ಆರಂಭವಾದೀತು ಎಂದುಕೊಂಡು ಕೂತರೆ ತಂಡದ ಬಿರುಸು ಸ್ವಲ್ಪ ಬೆಚ್ಚಿಸುತ್ತದೆ.

ಎರಡು ಆಲ್ಟೊಗಳನ್ನು ಬೇರ್ಪಡಿಸುವುದು ಮೊದಲ ಸಲಕ್ಕೆ ಕಷ್ಟ. ರುದ್ರೇಶ್ ಅವರ ದನಿ ಗಟ್ಟಿ, ಅಂಚು ಚೂಪು. ನಾಲಿಗೆಯಿಂದ ಸ್ವರಗಳನ್ನು ಕಡಿದು ಕಡಿದು ಇಡುತ್ತಾರೆ, ವಾಕ್ಯ ಮುಗಿಸುವಾಗ ಥಟ್ಟನೆ ಬಿಡುತ್ತಾರೆ. ಕದ್ರಿಯವರದು ದುಂಡು ದನಿ. ಉಸಿರಿನ ಎಳೆ ಮುರಿಯದೆ ಸ್ವರದಿಂದ ಸ್ವರಕ್ಕೆ ಜಾರುತ್ತಾರೆ, ಕೊನೆಯ ಸ್ವರಕ್ಕೊಂದು ತೂಗು ಇದ್ದೇ ಇರುತ್ತದೆ. ಗೊಂದಲವಾದರೆ ಆರಂಭ ಬಿಡಿ, ವಾಕ್ಯದ ಕೊನೆ ಕೇಳಿ.

ಫೋನಿನ ಸ್ಪೀಕರಿನಲ್ಲಿ ಇದನ್ನು ಕೇಳುವುದು ದಂಡ. ಡಬಲ್ ಬಾಸಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಫೋನಿನ ಸ್ಪೀಕರ್ ಅದರ ಹತ್ತಿರಕ್ಕೂ ಬರುವುದಿಲ್ಲ. ಬಾಸ್ ಹೋದರೆ ಮೇಲೆ ಹೇಳಿದ ಗ್ರಹಭೇದದ ಆಟವೂ ಹೋಯಿತು. ಉಳಿಯುವುದು ಡ್ರಮ್ ಸದ್ದಿನ ನಡುವೆ ಇಬ್ಬರ ಸ್ಯಾಕ್ಸ್ ಮಾತ್ರ. ಸಾಧಾರಣ ವೈರ್ ಇಯರ್‌ಫೋನ್ ಆದರೂ ಸಾಕು. ಡೌನ್‌ಲೋಡ್ ಕೊಳ್ಳುವುದಾದರೆ ಕಡಿಮೆ ಬಿಟ್‌ರೇಟಿನ ಎಂಪಿ3 ಬೇಡ, ಸಿಂಬಲ್ ಸದ್ದು ಕಲಸಿಕೊಂಡು ಮೃದಂಗ ಇನ್ನಷ್ಟು ಮುಳುಗುತ್ತದೆ. ಸಿಡಿ ಅಥವಾ ಫ್ಲ್ಯಾಕ್ (ಸದ್ದಿನ ಗುಣ ಕಳೆದುಕೊಳ್ಳದ ಕಡತ) ಆದರೆ ಒಳ್ಳೆಯದು.

ಕೃತಿ ಬೇಕು, ಸಾಹಿತ್ಯದ ನೆನಪು ಬೇಕು ಎನ್ನುವವರಿಗೆ ಕದ್ರಿಯವರ ಕಚೇರಿ ರೆಕಾರ್ಡಿಂಗ್‌ಗಳೇ ಸರಿ, ಇದನ್ನು ಕೊಂಡು ನಿರಾಶರಾಗಬೇಡಿ. ಜಾಝ್ ಕಡೆಯಿಂದ ಬರುವವರಿಗೆ ಆ ಚಿಂತೆಯಿಲ್ಲ. ಏಳು ಜನರ ಸದ್ದು ಹೆಚ್ಚಾಯಿತು ಅನ್ನಿಸಿದರೆ ಅದೇ 2008ರಲ್ಲಿ ಬಂದ ರುದ್ರೇಶ್ ಅವರ 'ಆಪ್ತಿ' ಕೇಳಿ: ಸ್ಯಾಕ್ಸ್, ಅಬ್ಬಾಸಿಯವರ ಗಿಟಾರ್, ಡ್ಯಾನ್ ವೈಸ್ ಅವರ ತಬಲಾ, ಮೂರೇ ಜನ. ಬಾಸೂ ಇಲ್ಲ, ಸಿಂಬಲ್ಲೂ ಇಲ್ಲ.